ಹಳೆ ಆರ್ಕೇಡ್ ಗೇಮ್ ಯಂತ್ರದ ವಿಡಿಯೊ ಯಾಕೆ ಬೇಕು?

1978ರಲ್ಲಿ ಜಪಾನಿನ ಟೈಟೊ ಕಂಪನಿ ತಂದ 'ಸ್ಪೇಸ್ ಇನ್ವೇಡರ್ಸ್' ಗೇಮನ್ನು ಈಗ ಕಂಪ್ಯೂಟರ್‌ನಲ್ಲೂ ಆಡಬಹುದು. ಹಳೆ ಯಂತ್ರದಂತೆಯೇ ಕೆಲಸ ಮಾಡುವ ಇಂಥ ಸಾಫ್ಟ್‌ವೇರ್‌ಗೆ ಎಮ್ಯುಲೇಟರ್ ಅಂತಾರೆ. ಆದ್ರೆ ಅದು ಥೇಟ್ ಮೂಲದ ಹಾಗೇ ಇದೆಯಾ? ಅಸಲಿ ಯಂತ್ರದ ವಿಡಿಯೊ ಪಕ್ಕದಲ್ಲಿಟ್ಟು ನೋಡಿದ್ರೆ ಗೊತ್ತಾಗುತ್ತೆ.

ಈ ಗೇಮ್‌ನಲ್ಲಿ ಶತ್ರುಗಳು 55. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತೆ, ಪ್ರತಿ ಸಲ ಒಂದೇ ಶತ್ರು ಸರಿಯುತ್ತೆ. ಹಾಗಾಗಿ ಶತ್ರುಗಳು ಕಡಿಮೆಯಾದಷ್ಟೂ ಉಳಿದವುಗಳ ವೇಗ ಹೆಚ್ಚುತ್ತೆ. ಈ ವೇಗ ತಾಳೆಯಾಗುತ್ತಾ ಅಂತ ಫ್ರೇಮ್ ಎಣಿಸಿ ನೋಡ್ಬೇಕು. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊ ಇದಕ್ಕೆ ಸಾಲಲ್ಲ, ಅರ್ಧದಷ್ಟು ಚಿತ್ರ ತಪ್ಪಿಹೋಗುತ್ತೆ.

ಇದರ ಸದ್ದು ಹುಟ್ಟೋದು ಬೋರ್ಡಿನ ಸರ್ಕ್ಯೂಟ್‌ನಲ್ಲಿ. ಪ್ರೋಗ್ರಾಂ ಕಾಪಿ ಮಾಡಿದ್ರೆ ಸದ್ದು ಬರಲ್ಲ. ಬೋರ್ಡ್ ಕೆಟ್ಟ ಮೇಲೆ ಹೋಲಿಸೋಕೆ ಏನೂ ಉಳಿಯಲ್ಲ. ಯಂತ್ರ ನಡೀತಿರುವಾಗಲೇ ರೆಕಾರ್ಡ್ ಮಾಡಿಡೋದು ಒಳ್ಳೇದು.