ಬೆಣಚುಕಲ್ಲಿನ ದೂಳು

ಕೋಲಾರದ ಗಣಿಗಳಲ್ಲಿ ಚಿನ್ನ ಸಿಗುತ್ತಿದ್ದದ್ದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಗುಲಗಂಜಿ ತೂಕದ ಚಿನ್ನಕ್ಕೂ ಬುಟ್ಟಿ ತುಂಬ ಕಲ್ಲನ್ನು ಕೊರೆದು, ಸಿಡಿಸಿ, ಹಿಟ್ಟು ಮಾಡಬೇಕಿತ್ತು. ಬೆಣಚುಕಲ್ಲು ಎಂದರೆ ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಚಿನ್ನ ಕಂಪನಿಯ ಪೆಟ್ಟಿಗೆ ಸೇರಿತು. ಹಿಟ್ಟಿನ ಅತಿ ನಯವಾದ ಪಾಲು ಕೊರೆಯುವವನ ಎದೆಗೂಡು ಸೇರಿತು. ಆ ಎರಡನೆಯ ಪಾಲಿನಿಂದ ಬರುವ ರೋಗವೇ ಸಿಲಿಕೋಸಿಸ್.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿತು. ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಂಥ ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಒಮ್ಮೆಗೇ ಸಿಡಿದು ಜನ ಸತ್ತರೆ ಊರಿಗೆಲ್ಲ ತಿಳಿಯುತ್ತಿತ್ತು, ತನಿಖೆಯೂ ನಡೆಯುತ್ತಿತ್ತು. ದೂಳಿನ ಸಾವಿಗೆ ಅಂಥ ಸದ್ದಿಲ್ಲ. ಅದು ಬರುವುದು ಹತ್ತಿಪ್ಪತ್ತು ವರ್ಷ ಕಳೆದ ಮೇಲೆ, ಬಹಳ ಸಲ ಕಾರ್ಮಿಕ ಕೆಲಸ ಬಿಟ್ಟು ತನ್ನ ಹಳ್ಳಿಗೆ ಮರಳಿದ ನಂತರ.

ಕಣ್ಣಿಗೆ ಕಾಣುವ ದೂಳು ಅಷ್ಟು ಅಪಾಯಕಾರಿಯಲ್ಲ ಎಂಬುದು ಇಲ್ಲಿನ ವಿಚಿತ್ರ. ದಪ್ಪ ಕಣಗಳು ಮೂಗು, ಗಂಟಲಲ್ಲೇ ಸಿಕ್ಕಿಕೊಂಡು ಕಫದ ಜೊತೆ ಹೊರಬೀಳುತ್ತವೆ. ಸುಮಾರು ಐದು ಮೈಕ್ರಾನಿಗಿಂತ ಚಿಕ್ಕವು, ಅಂದರೆ ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣ ಕಣಗಳು, ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗುತ್ತವೆ. ಅಲ್ಲಿ ಕಾವಲಿಗಿರುವ ಭಕ್ಷಕ ಕೋಶಗಳು ರೋಗಾಣುವನ್ನು ನುಂಗುವಂತೆಯೇ ಈ ಕಣವನ್ನೂ ನುಂಗುತ್ತವೆ. ರೋಗಾಣು ಜೀರ್ಣವಾಗುತ್ತದೆ, ಕಲ್ಲು ಆಗುವುದಿಲ್ಲ. ಕೋಶವೇ ಸಾಯುತ್ತದೆ, ಕಣ ಹೊರಬಿದ್ದು ಮುಂದಿನ ಕೋಶದ ಹೊಟ್ಟೆ ಸೇರುತ್ತದೆ. ಒಂದೊಂದು ಸಲವೂ ಸುತ್ತಲಿನ ಅಂಗಾಂಶ ಉರಿದು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಮೃದುವಾದ ಶ್ವಾಸಕೋಶದಲ್ಲಿ ಮೊದಲು ಸಣ್ಣ ಗಂಟುಗಳು, ಆಮೇಲೆ ಅವು ಕೂಡಿಕೊಂಡು ದೊಡ್ಡ ಗಡ್ಡೆಗಳು. ಮೆಟ್ಟಿಲು ಹತ್ತಿದರೆ ಏದುಸಿರು, ಕೊನೆಗೆ ಕೂತಲ್ಲೇ ಏದುಸಿರು. ದೂಳಿನ ಕೆಲಸ ಬಿಟ್ಟರೂ ಒಳಗಿನ ಕಣಗಳು ಕೆಲಸ ಬಿಡುವುದಿಲ್ಲ. ಆದ್ದರಿಂದಲೇ ನಿವೃತ್ತನಾದವನ ರೋಗವೂ ಬೆಳೆಯುತ್ತಾ ಹೋಗಬಹುದು. ಗುಣಪಡಿಸುವ ಔಷಧ ಈಗಲೂ ಇಲ್ಲ.

ಇದಕ್ಕೆ ಕ್ಷಯ ಜೊತೆಯಾಗುತ್ತದೆ. ಕ್ಷಯದ ರೋಗಾಣುವನ್ನು ತಡೆಯಬೇಕಾದವೂ ಅದೇ ಭಕ್ಷಕ ಕೋಶಗಳು. ಅವು ಸೋತಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ. ಎರಡೂ ರೋಗಗಳ ಎಕ್ಸ್‌ರೇ ನೋಟ ಹತ್ತಿರ ಹತ್ತಿರ. ಏನು ಕೆಲಸ ಮಾಡುತ್ತಿದ್ದೆ ಎಂದು ವೈದ್ಯರು ಕೇಳದಿದ್ದರೆ ಸಿಲಿಕೋಸಿಸ್ ಇದ್ದವನೂ ಕ್ಷಯದ ಮಾತ್ರೆ ನುಂಗುತ್ತಾ ವರ್ಷ ಕಳೆಯುತ್ತಾನೆ. 1700ರಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ ಪ್ರತಿ ರೋಗಿಗೂ ಆ ಪ್ರಶ್ನೆ ಕೇಳಬೇಕೆಂದು ಬರೆದಿದ್ದ.

ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು ಕೋಲಾರದಲ್ಲೇ. 1947ರಲ್ಲಿ ಹೊರಬಂದ ಆ ವರದಿಯ ಪ್ರಕಾರ, ಪರೀಕ್ಷೆಗೊಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇ 40ಕ್ಕೂ ಮಿಕ್ಕಿ ಮಂದಿಗೆ ರೋಗವಿತ್ತು. ವಿಷಯ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ 1902ರಿಂದಲೇ ವಿಚಾರಣೆ ನಡೆದಿತ್ತು. 1930ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊಹಾನ್ಸ್‌ಬರ್ಗ್‌ನಲ್ಲಿ ಇದೊಂದೇ ರೋಗದ ಮೇಲೆ ಸಮ್ಮೇಳನ ಸೇರಿಸಿತ್ತು.

ತಡೆಯುವ ದಾರಿಯೂ ಗೊತ್ತಿತ್ತು: ನೀರು. ಪೊಳ್ಳು ಡ್ರಿಲ್ಲಿನೊಳಗೆ ನೀರು ಹರಿಸುತ್ತಾ ಕೊರೆದರೆ ದೂಳು ಕೆಸರಾಗಿ ಇಳಿಯುತ್ತದೆ. ಅದಕ್ಕೆ ಪೈಪು ಬೇಕು, ಸ್ವಲ್ಪ ಹೊತ್ತು ಹೆಚ್ಚು ಬೇಕು. ಜೊಹಾನ್ಸ್‌ಬರ್ಗ್ ಸಮ್ಮೇಳನ ನಡೆದ ವರ್ಷವೇ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್‌ನಲ್ಲಿ ಜಲವಿದ್ಯುತ್ ಸುರಂಗವನ್ನು ನೀರಿಲ್ಲದೆಯೇ ಕೊರೆಯತೊಡಗಿದರು. ಕಾರ್ಮಿಕರಲ್ಲಿ ಹೆಚ್ಚಿನವರು ಕೆಲಸ ಹುಡುಕಿ ಬಂದ ಕಪ್ಪುಜನ. ನೂರಾರು ಮಂದಿ ಸತ್ತರು. ಕೆಲವರಿಗೆ ಹತ್ತು ವರ್ಷವಲ್ಲ, ಒಂದೆರಡು ವರ್ಷವೂ ಬೇಕಾಗಲಿಲ್ಲ.

ಭಾರತದ ಕಾನೂನಿನಲ್ಲಿ ಈ ರೋಗಕ್ಕೆ ಹೆಸರಿದೆ. 1948ರ ಕಾರ್ಖಾನೆ ಕಾಯ್ದೆ ಇದನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಪರಿಹಾರ ಕೇಳುವ ಹಕ್ಕೂ ಇದೆ. ಆದರೆ ಹಕ್ಕು ಚಲಾಯಿಸಲು ಎಲ್ಲಿ, ಯಾರ ಬಳಿ, ಎಷ್ಟು ವರ್ಷ ದುಡಿದೆ ಎಂಬ ಕಾಗದ ಬೇಕು. ಕೋಲಾರದಲ್ಲಿ ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು. ಜಲ್ಲಿ ಕ್ರಷರ್‌ನಲ್ಲೋ ಕಲ್ಲು ಕೆತ್ತುವ ಶೆಡ್ಡಿನಲ್ಲೋ ಮೇಸ್ತ್ರಿಯ ಕೆಳಗೆ ದಿನಗೂಲಿ ಮಾಡಿದವನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ರೋಗ ಕಾಣಿಸುವ ಹೊತ್ತಿಗೆ ಮೇಸ್ತ್ರಿಯೂ ಬದಲಾಗಿರುತ್ತಾನೆ.

ಗಣಿ ಮುಚ್ಚಿದರೂ ಬೆಣಚುಕಲ್ಲು ಬೇರೆ ರೂಪದಲ್ಲಿ ಮನೆಗಳಿಗೆ ಬಂದಿದೆ. ಅಡುಗೆಮನೆ ಕಟ್ಟೆಗೆ ಹಾಕುವ ‘ಕ್ವಾರ್ಟ್ಜ್’ ಹಲಗೆ ಎಂದರೆ ಬೆಣಚುಕಲ್ಲಿನ ಪುಡಿಯನ್ನು ರಾಳದಲ್ಲಿ ಕಲಸಿ ಒತ್ತಿದ್ದು. ಗ್ರಾನೈಟ್‌ನಲ್ಲಿ ಸ್ಫಟಿಕ ರೂಪದ ಸಿಲಿಕಾ ಮೂರರಲ್ಲೊಂದು ಪಾಲಿನ ಆಸುಪಾಸು ಇದ್ದರೆ, ಇಂಥ ಹಲಗೆಗಳಲ್ಲಿ ಶೇ 90ರವರೆಗೂ ಇರಬಹುದು. ಇಸ್ರೇಲ್, ಸ್ಪೇನ್, ಆಸ್ಟ್ರೇಲಿಯಗಳಲ್ಲಿ ಇದನ್ನು ಕತ್ತರಿಸುವ ಯುವಕರಿಗೆ ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್ ಬಂದು, ಕೆಲವರಿಗೆ ಶ್ವಾಸಕೋಶ ಬದಲಿಸಬೇಕಾಯಿತು. 2024ರ ಜುಲೈ 1ರಿಂದ ಆಸ್ಟ್ರೇಲಿಯ ಈ ಹಲಗೆಗಳ ತಯಾರಿಕೆ, ಪೂರೈಕೆ, ಅಳವಡಿಕೆಯನ್ನು ನಿಷೇಧಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಅದು ಸಿಗುತ್ತದೆ. ಸಿಂಕ್ ಕೂರಿಸುವ ತೂತನ್ನು ಕೈಗ್ರೈಂಡರ್ ಹಿಡಿದು ಕೊರೆಯುವವರು ಮೂಗಿಗೆ ಕಟ್ಟಿಕೊಳ್ಳುವುದು ಬಹುತೇಕ ಕರ್ಚೀಫು. ಐದು ಮೈಕ್ರಾನಿನ ಕಣಕ್ಕೆ ಅದರ ನೇಯ್ಗೆ ಹೆಬ್ಬಾಗಿಲು.