ಮಂಡಿ ಬದಲಾದ ಮೇಲೆ ಫಿಸಿಯೋಥೆರಪಿಗೆ ಹಣ ಕೊಡಬೇಕೆ?

ಕೃತಕ ಮಂಡಿಕೀಲು ಜೋಡಿಸಿದ ಮೇಲೂ
ಹಣ ತೆತ್ತು ಫಿಸಿಯೋಥೆರಪಿ ಪಡೆಯುವುದು ಅಗತ್ಯವೇ?

ಹೊಸ ಕೀಲು ಹಾಕಿದ ಮಾತ್ರಕ್ಕೆ ಬಾಗಿಲು ತಾನಾಗಿ ತೆರೆಯದಂತೆ,
ತೊಡೆಯ ಮುಂಭಾಗದ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ಬಲಗೊಳ್ಳದೆ
ಹೊಸ ಮಂಡಿಯೂ ಸರಾಗವಾಗಿ ಚಲಿಸದು.

ಮೊದಲ ವಾರಗಳಲ್ಲಿ ಮಂಡಿಯನ್ನು ಮಡಿಸದಿದ್ದರೆ,
ಒಳಗೆ ಗಾಯದ ಅಂಗಾಂಶ ಬೆಳೆದು ಕೀಲು ಬಿಗಿಯಬಹುದು;
ಕುರ್ಚಿಯಿಂದ ಸಲೀಸಾಗಿ ಏಳಲು
ಅದು ಕನಿಷ್ಠ 90 ಡಿಗ್ರಿಯಾದರೂ ಬಾಗಬೇಕು.

ಆದರೆ ತೊಡಕಿಲ್ಲದೆ ಚೇತರಿಸಿಕೊಳ್ಳುವವರು,
ಸುತ್ತಿದ ಟವೆಲನ್ನು ಮಂಡಿಯಡಿ ಇಟ್ಟು ಒತ್ತುವಂಥ ವ್ಯಾಯಾಮಗಳನ್ನು
ಸರಿಯಾಗಿ ಕಲಿತು ಮನೆಯಲ್ಲೇ ದಿನವೂ ಮಾಡಿದರೆ,
ಕ್ಲಿನಿಕ್‌ಗೆ ಹೋಗುವವರಷ್ಟೇ ಫಲ ಪಡೆಯುತ್ತಾರೆಂದು
ಹಲವು ಅಧ್ಯಯನಗಳು ತೋರಿಸಿವೆ.

ಮಂಡಿ ಬಾಗದವರಿಗೆ, ನಡೆಯುವಾಗ ತೂರಾಡುವವರಿಗೆ
ತಜ್ಞರ ನೆರವು ಖರ್ಚಲ್ಲ, ಅಗತ್ಯ.

ಹಣ ಕಲಿಕೆಗೆ ಸಲ್ಲಬೇಕು;
ಫಲ ಬರುವುದು ದಿನನಿತ್ಯದ ಅಭ್ಯಾಸದಿಂದ.