ರೀಲ್ಸ್‌ಗೆ ಮೊದಲು ಅಪಾಯಿಂಟ್‌ಮೆಂಟ್ ಪುಸ್ತಕ ನೋಡಿ

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು; ಈಗ ಸಲೂನಿನ ಕನ್ನಡಿ ಪಕ್ಕ ಮೊಬೈಲ್ ಸ್ಟ್ಯಾಂಡೂ ನಿಂತಿದೆ. ಆದರೆ ಕೇಶವಿನ್ಯಾಸಕರು ವಿಡಿಯೊ ಬಗ್ಗೆ ಯೋಚನೆ ಶುರುಮಾಡಬೇಕಾದ್ದು ಟ್ರೆಂಡಿಂಗ್ ಹಾಡಿನಿಂದಲ್ಲ, ನಾಳೆಯ ಅಪಾಯಿಂಟ್‌ಮೆಂಟ್‌ನಿಂದ. ಗುಂಗುರು ಕೂದಲಿನವರೊಬ್ಬರು ಲೇಯರ್ ಕಟ್‌ಗೆ ಬರುತ್ತಾರೆಂದರೆ ಬೇಕಾದ ಶಾಟ್‌ಗಳು ಇವತ್ತೇ ಗೊತ್ತು: ಕತ್ತರಿಸುವ ಮುಂಚಿನ ಕೂದಲು, ಬೆರಳ ಸಂದಿಯಲ್ಲಿ ಹಿಡಿದ ಎಳೆಗೆ ಕತ್ತರಿ ತಾಗುವ ಕ್ಷಣ, ಅದೇ ಬೆಳಕು ಅದೇ ಕೋನದಲ್ಲಿ ಮುಗಿದ ತಲೆ. ಬೆಳಕು ಬದಲಾದರೆ ಹೇರ್ ಕಲರ್ ನಂಬುವುದು ಕಷ್ಟ. ಯೋಜನೆ ಹಾಕಿಕೊಂಡರೆ ಸಹಜತೆ ಹೋಗುತ್ತದೆ ಎನ್ನುವವರಿದ್ದಾರೆ. ನಿಜಕ್ಕೂ ಕೈತಪ್ಪುವುದು, ಯೋಜನೆಯಿಲ್ಲದಾಗ, ಆ ಮೊದಲ ಶಾಟ್. ಕತ್ತರಿಸಿದ ಕೂದಲನ್ನು ಮತ್ತೆ ಅಂಟಿಸಿ ಚಿತ್ರೀಕರಿಸಲಾದೀತೆ? ಗ್ರಾಹಕರ ಒಪ್ಪಿಗೆಯನ್ನೂ ಕುರ್ಚಿಯಲ್ಲಿ ಕೂರಿಸುವ ಮೊದಲೇ ಕೇಳಿ. ಮುಖ ಬೇಡವೆಂದರೆ ಹಿಂದಿನಿಂದ ತೆಗೆಯಿರಿ.